ಹೊಸ ಶೇವಿಂಗ್ ಬ್ರಷ್ ಪೊರಕೆ ಥರ ಚುಚ್ಚುತ್ತಿದೆ. ಪಳಗಿಸೋದು ಹೇಗೆ?

ಕನ್ನಡಿಮುಂದೆ | ದಿನ 1

ಇಷ್ಟು ವರ್ಷ ಡಬ್ಬಿ ಒತ್ತಿದರೆ ಬರುವ ಫೋಮ್ ಹಚ್ಚಿಕೊಂಡು ಗಡ್ಡ ಕೆರೆದುಕೊಂಡವನು ನಾನು. ಹತ್ತು ದಿನದ ಹಿಂದೆ ಉತ್ಸಾಹ ಉಕ್ಕಿ ಹಂದಿಗೂದಲಿನ ಬ್ರಷ್ ಒಂದನ್ನು ತಗೊಂಡೆ. ಮರದ ಹಿಡಿ, ಕೂದಲಿನ ಗಂಟು 24 ಮಿ.ಮೀ. ದಪ್ಪ, ಹಿಡಿಯ ಬಾಯಿಂದ ತುದಿಯವರೆಗೆ 55 ಮಿ.ಮೀ. ಎತ್ತರ. ಕೈಯಲ್ಲಿ ಹಿಡಿದರೆ ರಾಜಗಾಂಭೀರ್ಯ, ಮುಖಕ್ಕೆ ಇಟ್ಟರೆ ಪೊರಕೆ.

ಇದುವರೆಗೆ ಆರು ಸಲ ಬಳಸಿದ್ದೀನಿ. ಮೊದಲನೇ ದೂರು, ಚುಚ್ಚುತ್ತೆ. ಕೆನ್ನೆ ಮೇಲಾದರೆ ತಡೆದುಕೊಳ್ಳಬಹುದು, ಕುತ್ತಿಗೆಗೆ ಬಂದರೆ ಕಣ್ಣಲ್ಲಿ ನೀರು. ಎರಡನೇದು, ಬಟ್ಟಲಲ್ಲಿ ನೊರೆ ಗುಡ್ಡೆಯಾಗಿ ಕಾಣುತ್ತೆ, ಕೆನ್ನೆಗೆ ಹಚ್ಚೋ ಹೊತ್ತಿಗೆ ಎಲ್ಲಿ ಮಾಯವಾಯ್ತೋ ಗೊತ್ತಿಲ್ಲ. ಜೊತೆಗೆ ವಾಸನೆ. ಮಳೆಯಲ್ಲಿ ನೆಂದ ನಾಯಿ ಮೂಗಿನ ಕೆಳಗೆ ಬಂದು ಕೂತ ಹಾಗೆ.

ನನ್ನ ಪ್ರಯೋಗಗಳು: ಒಂದು ದಿನ ಕುದಿಯೋ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟೆ. ಇನ್ನೊಂದು ದಿನ ಹೆಂಡತಿಯ ಕಂಡೀಷನರ್ ಹಚ್ಚಿ ತೊಳೆದೆ. ಮೆತ್ತಗಾಯ್ತು ಅನ್ನಿಸ್ತು, ಆದರೆ ಅವತ್ತಿನಿಂದ ನೊರೆ ಇನ್ನೂ ಕೆಟ್ಟಿದೆ. ಈಗ ತುದಿಯನ್ನ ಕತ್ತರಿಯಲ್ಲಿ ಒಂದೆರಡು ಮಿ.ಮೀ. ಸಮ ಮಾಡಿಬಿಡೋಣ ಅಂತ ಇದ್ದೀನಿ. ಯಾರಾದ್ರೂ ಮಾಡಿದ್ದೀರಾ?


ಹಳೇರೇಜರ್ | ದಿನ 1

ಮೊದಲು ಕತ್ತರಿ ಕೆಳಗಿಡಿ, ಆಮೇಲೆ ಮಾತು.

ನಾನು ಮಾಡಿದ್ದೆ, ಅದಕ್ಕೇ ಹೇಳ್ತಿರೋದು. ಹಂದಿಯ ಬಿರುಗೂದಲು ಬುಡದಲ್ಲಿ ದಪ್ಪ, ತುದಿಗೆ ಹೋಗ್ತಾ ಹೋಗ್ತಾ ಸಣ್ಣ. ಆ ತುದಿ ಬಳಸಿದಷ್ಟೂ ಎರಡು ಮೂರು ಕವಲಾಗಿ ಸೀಳಿಕೊಳ್ಳುತ್ತೆ. ತಲೆಗೂದಲು ಸೀಳಿದರೆ ಅಳ್ತೀವಿ, ಬ್ರಷ್ಷಿನದು ಸೀಳಿದರೆ ಹಬ್ಬ. ಹಂದಿಗೂದಲಿನ ಬ್ರಷ್ ಪಳಗೋದು ಅಂದರೆ ಮುಕ್ಕಾಲು ಪಾಲು ಇಷ್ಟೇ. ಒಂದೊಂದು ತುದಿಯೂ ಕವಲೊಡೆದು, ಚುಚ್ಚೋ ಸೂಜಿಗಳ ಬದಲು ಸಣ್ಣ ಸಣ್ಣ ಕುಚ್ಚುಗಳಾಗೋದು. ಚೆನ್ನಾಗಿ ಮಾಡಿದ ಬ್ರಷ್ಷಿನ ದುಂಡಗಿನ ಆಕಾರ ಕೂಡ ಕತ್ತರಿಯಿಂದ ಬಂದದ್ದಲ್ಲ. ಕೂದಲನ್ನ ಅಚ್ಚಿನಲ್ಲಿ ತುದಿ ಹೊಂದಿಸಿ ಜೋಡಿಸಿ, ಬುಡವನ್ನ ಕಟ್ಟಿ ಅಂಟು ಹಾಕಿರ್ತಾರೆ. ನೀವು ಮೇಲಿಂದ ಎರಡು ಮಿ.ಮೀ. ತೆಗೆದರೆ ಸಣ್ಣಗಿರೋ ಭಾಗವೇ ಹೋಗಿ ಮೊಂಡು ಕಡ್ಡಿಗಳು ಉಳಿಯುತ್ತವೆ, ಅವು ಜನ್ಮದಲ್ಲಿ ಮೆತ್ತಗಾಗಲ್ಲ.

ನಾನು ಕತ್ತರಿಸಿದ ಬ್ರಷ್ ಈಗ ಸೈಕಲ್ ಚೈನ್ ಉಜ್ಜುತ್ತೆ. ಆ ಕೆಲಸಕ್ಕೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ.

ಆರು ಸಲ ಅಂದರೆ ಬ್ರಷ್ಷಿಗೆ ಇನ್ನೂ ನಾಮಕರಣ ಆಗಿಲ್ಲ. 20ರಿಂದ 40 ಶೇವ್ ಆಗಲಿ.


ನೊರೆಗಾರ | ದಿನ 1

ಹಳೇರೇಜರ್ ಅವರ ಮಾತಿಗೆ ನನ್ನದೂ ಒಂದು ಹೂಂ. ಆದರೆ ನಲವತ್ತು ಸಲ ಚುಚ್ಚಿಸಿಕೊಂಡೇ ಕಾಯಬೇಕು ಅಂತೇನಿಲ್ಲ. ಒಂದು ಪ್ರಶ್ನೆ ಸರ್: ಶೇವ್ ಮಾಡೋಕೆ ಮುಂಚೆ ಎಷ್ಟು ಹೊತ್ತು ನೆನೆಸ್ತೀರಿ? ನಲ್ಲಿ ಕೆಳಗೆ ಹಿಡಿದು ತಕ್ಷಣ ಸೋಪಿಗೆ ಇಳಿಸ್ತೀರಿ ಅಂತ ನನ್ನ ಊಹೆ.

ಹಂದಿಗೂದಲಿನ ಗುಣವೇ ಬೇರೆ. ಬ್ಯಾಡ್ಜರ್ ಅನ್ನೋ ಪ್ರಾಣಿಯ ಕೂದಲಿನ ಬ್ರಷ್ ನೀರನ್ನ ಹೆಚ್ಚಾಗಿ ಕೂದಲು ಕೂದಲಿನ ಮಧ್ಯೆ ಹಿಡಿದಿಡುತ್ತೆ. ಹಂದಿಗೂದಲು ದಪ್ಪ, ಅದು ನೀರನ್ನ ತನ್ನ ಒಳಗೇ ಕುಡಿಯುತ್ತೆ, ಕುಡಿದ ಮೇಲೇ ಬಾಗುತ್ತೆ. ಬಾಯಾರಿದ ಬ್ರಷ್ಷಿಗೆ ನೀವು ನೊರೆ ಕೊಟ್ಟರೆ ಅದು ನೊರೆಯಲ್ಲಿರೋ ನೀರನ್ನೇ ಹೀರಿಕೊಳ್ಳುತ್ತೆ. ಬಟ್ಟಲಿಂದ ಕೆನ್ನೆಗೆ ಬರೋ ದಾರಿಯಲ್ಲಿ ನಿಮ್ಮ ನೊರೆ ಹೋಗ್ತಿರೋದು ಅಲ್ಲಿಗೇ.

ನಾನು ಮಾಡೋದು ಹೀಗೆ. ಸ್ನಾನಕ್ಕೆ ಹೋಗೋ ಮುಂಚೆ ಒಂದು ಲೋಟದಲ್ಲಿ ಬೆಚ್ಚಗಿನ ನೀರು. ಬೆರಳು ಇಟ್ಟರೆ ಹಿತವಾಗಿರಬೇಕು, ಸುಮಾರು 40 ಡಿಗ್ರಿ ಸೆಲ್ಸಿಯಸ್, ಅದಕ್ಕಿಂತ ಬಿಸಿ ಬೇಡ. ಕೂದಲು ಮಾತ್ರ ಮುಳುಗಲಿ, ಮರದ ಹಿಡಿಗೆ ನೀರು ತಾಗಬಾರದು. ಸ್ನಾನ ಮುಗಿಯೋ ಹೊತ್ತಿಗೆ ಐದರಿಂದ ಹತ್ತು ನಿಮಿಷ ಆಗಿರುತ್ತೆ. ತೆಗೆದು ನಿಧಾನಕ್ಕೆ ಹಿಂಡಿ ಎರಡು ಸಲ ಝಾಡಿಸಿ. ಸೋಪಿನ ಮೇಲೆ ಮುಕ್ಕಾಲು ನಿಮಿಷವಾದರೂ ತಿರುಗಿಸಿ. ಹೊಸ ಹಂದಿಗೂದಲಿನ ಬ್ರಷ್ ಸೋಪಿನ ವಿಷಯದಲ್ಲಿ ಬಕಾಸುರ, ಹತ್ತು ಸೆಕೆಂಡ್ ಸವರಿದರೆ ಅದಕ್ಕೆ ಸಾಲಲ್ಲ. ಆಮೇಲೆ ನೀರನ್ನ ಹನಿ ಹನಿಯಾಗಿ ಸೇರಿಸುತ್ತಾ ನೊರೆ ಎಬ್ಬಿಸಿ.

ಶೇವ್ ಇಲ್ಲದ ದಿನವೂ ನೆನೆಸಿ, ಅಂಗೈ ಮೇಲೆ ಐದು ನಿಮಿಷ ನೊರೆ ಮಾಡಿ, ತೊಳೆದು ಒಣಗಿಸಿ. ಅಂಗೈಗೆ ಚುಚ್ಚಿದರೆ ಯಾರೂ ಅಳಲ್ಲ. ಲೆಕ್ಕಕ್ಕೆ ಅದೂ ಒಂದು ಶೇವ್.


ಕಟ್ಟಿಮ್ಯಾಲ | ದಿನ 1

ಅಲ್ರೀ, ಒಂದು ಬ್ರಷ್ಷಿಗೆ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ನಮ್ಮಪ್ಪ ಒಂದ ಬ್ರಷ್ ಹನ್ನೆರಡ ವರ್ಷ ವಾಪರಿಸಿದ್ರು. ಡಿಗ್ರಿ ಇಲ್ಲ, ಗಡಿಯಾರ ಇಲ್ಲ. ಮಗ್ಗಿನ್ಯಾಗ ಅದ್ದೋದು, ಸೋಪಿನ ಮ್ಯಾಲ ತಿರುವೋದು, ಹಚ್ಚೋದು, ಝಾಡಿಸಿ ಕಿಟಕಿ ಕಟ್ಟಿ ಮ್ಯಾಲ ಇಡೋದು. ದಿನಾ ಹಚ್ರಿ, ತಾನ ಮೆತ್ತಗ ಆಗತೈತಿ.


ನೊರೆಗಾರ | ದಿನ 1

ನಿಮ್ಮಪ್ಪ ಮಗ್ಗಲ್ಲಿ ಅದ್ದಿ ತಕ್ಷಣ ತೆಗೀತಿದ್ರಾ, ಬಿಟ್ಟಿರ್ತಿದ್ರಾ?


ಕಟ್ಟಿಮ್ಯಾಲ | ದಿನ 1

ಬಿಟ್ಟಿರ್ತಿದ್ರು. ಕತ್ತರಿ ತಗೊಂಡು ಮೀಸಿ ತೀಡ್ಕೊಳ್ಳೋ ತನಕ ಅದರಾಗ ಇರತಿತ್ತು. ಹತ್ತ ಮಿನಿಟರೆ ಆಗತಿತ್ತು.

ಹಂಗಾರ ನೀವು ಹೇಳಿದ್ದೂ ಅದ, ಅವರು ಮಾಡಿದ್ದೂ ಅದ. ಆತು ಬಿಡ್ರಿ.


ಲ್ಯಾಬ್‌ಕೋಟು | ದಿನ 2

ಕುದಿಯೋ ನೀರು ಮತ್ತು ಕಂಡೀಷನರ್ ಬಗ್ಗೆ ಯಾರೂ ಮಾತಾಡಿಲ್ಲ, ನನಗೆ ಅವೆರಡೇ ಮುಖ್ಯ ಅನ್ನಿಸಿದ್ದು. ಕಾಲೇಜಲ್ಲಿ ರಸಾಯನಶಾಸ್ತ್ರ ಕಲಿಸ್ತೀನಿ, ಸ್ವಲ್ಪ ಪಾಠದ ಧಾಟಿ ಬಂದರೆ ಸಹಿಸಿಕೊಳ್ಳಿ.

ಕೂದಲು, ಉಗುರು, ಕೊಂಬು ಎಲ್ಲವೂ ಕೆರಾಟಿನ್ ಅನ್ನೋ ಪ್ರೋಟೀನಿನಿಂದ ಆದದ್ದು. ಅದರ ಎಳೆಗಳನ್ನ ಹಿಡಿದಿಡೋ ಕೊಂಡಿಗಳಲ್ಲಿ ಎರಡು ಬಗೆಯವು ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಹೈಡ್ರೋಜನ್ ಕೊಂಡಿಗಳು ದುರ್ಬಲ. ನೀರು ಒಳಹೊಕ್ಕರೆ ಬಿಟ್ಟುಕೊಳ್ಳುತ್ತವೆ, ಒಣಗಿದರೆ ಮತ್ತೆ ಕಟ್ಟಿಕೊಳ್ಳುತ್ತವೆ. ಒದ್ದೆ ಬ್ರಷ್ ಬಾಗೋದು, ಒಣ ಬ್ರಷ್ ಸೆಟೆದು ನಿಲ್ಲೋದು ಇದರಿಂದ. ಗಂಧಕದ ಪರಮಾಣುಗಳ ನಡುವಿನ ಡೈಸಲ್ಫೈಡ್ ಕೊಂಡಿಗಳು ಗಟ್ಟಿ, ಬರೀ ನೀರಿಗೆ ಜಗ್ಗಲ್ಲ. ನಮ್ಮ ತಲೆಗೂದಲು ತನ್ನ ತೂಕದ ಸುಮಾರು ಶೇ. 30ರಷ್ಟು ನೀರು ಹೀರಿ ದಪ್ಪವಾಗುತ್ತೆ, ಉದ್ದ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಮೆತ್ತಗಾಗೋಕೆ ಬೇಕಿರೋದು ನೀರು ಮತ್ತು ಸಮಯ. ಕುದಿ ಬೇಕಿಲ್ಲ.

ಕುದಿಯಿಂದ ನಷ್ಟವೂ ಇದೆ. ಗಂಟನ್ನ ಹಿಡಿಯಲ್ಲಿ ಕೂರಿಸಿರೋದು ಸಾಮಾನ್ಯವಾಗಿ ಎಪಾಕ್ಸಿ ಅಂಟು. ಸಾಧಾರಣ ಎಪಾಕ್ಸಿಗಳು 50-60 ಡಿಗ್ರಿ ದಾಟಿದರೆ ಬಿಗಿ ಕಳೆದುಕೊಳ್ಳೋಕೆ ಶುರು ಮಾಡುತ್ತವೆ. ಒಂದೇ ಸಲ ಮಾಡಿದ್ದರಿಂದ ನಿಮ್ಮದು ಪಾರಾಗಿರಬಹುದು. ಗಂಟನ್ನ ಹಿಡಿದು ಮೆಲ್ಲಗೆ ಅಲುಗಿಸಿ ನೋಡಿ.

ಇನ್ನು ಕಂಡೀಷನರ್. ಅದರಲ್ಲಿ ಕೂದಲಿಗೆ ಅಂಟಿಕೊಳ್ಳೋ ವಸ್ತುವಿಗೆ ಧನ ವಿದ್ಯುದಂಶ ಇರುತ್ತೆ, ಸೋಪಿನದು ಋಣ. ಎರಡೂ ಎದುರಾದ ಕಡೆ ಒಂದನ್ನೊಂದು ತಬ್ಬಿಕೊಂಡು ನೊರೆ ಬರಿಸೋ ಕೆಲಸ ಬಿಟ್ಟುಬಿಡುತ್ತವೆ. ನಿಮ್ಮ ಬ್ರಷ್ಷಿನ ಪ್ರತಿ ಕೂದಲಿಗೂ ಈಗ ನೊರೆ ಕೊಲ್ಲೋ ಲೇಪ ಇದೆ ಅಂದುಕೊಳ್ಳಿ. ಕಂಡೀಷನರ್ ಬೆರೆಸಿರದ ಸಾದಾ ಶಾಂಪೂ ಹಾಕಿ ಎರಡು ಮೂರು ಸಲ ತೊಳೀರಿ. ಪಾತ್ರೆ ತೊಳೆಯೋ ದ್ರವ ಒಂದೆರಡು ಹನಿ ಆದರೂ ನಡೆಯುತ್ತೆ. ವಾಸನೆಗೂ ಅದೇ ಮದ್ದು.


ಕನ್ನಡಿಮುಂದೆ | ದಿನ 2

ಮೇಡಂ, ಗಂಟು ಅಲುಗಾಡ್ತಿಲ್ಲ, ಬದುಕಿದೆ. ನೊರೆಗಾರ ಸರ್ ಊಹೆ ನೂರಕ್ಕೆ ನೂರು ನಿಜ, ನಲ್ಲಿ ಕೆಳಗೆ ಹಿಡಿದು ನೇರ ಸೋಪಿಗೆ.

ಕತ್ತರಿಯನ್ನ ಡ್ರಾಯರ್‌ಗೆ ಹಾಕಿದ್ದೀನಿ. ಬೀಗ ಇನ್ನೂ ಹಾಕಿಲ್ಲ.


ಮುಂಗೋಪಿ | ದಿನ 2

ನಾನಾಗಿದ್ರೆ ನೊರೆ ತುಂಬಿದ ಬ್ರಷ್ಷನ್ನ ತೊಳೆಯದೇ ಹಾಗೇ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೀತಿದ್ದೆ. ಒಂದು ವಾರ ಮಾಡಿದರೆ ವಾಸನೆಯೂ ಹೋಗುತ್ತೆ, ಬೇಗ ಪಳಗುತ್ತೆ. ನಾನು ಎರಡು ಬ್ರಷ್ ಹಾಗೇ ಪಳಗಿಸಿದ್ದೀನಿ.


ಲ್ಯಾಬ್‌ಕೋಟು | ದಿನ 2

ವಾಸನೆಗಾಗಿ ಒಂದೆರಡು ರಾತ್ರಿ, ನನ್ನ ತಕರಾರಿಲ್ಲ. ವಾರಗಟ್ಟಲೆ ಬೇಡ. ಶೇವಿಂಗ್ ಸೋಪು ಕ್ಷಾರೀಯ, ಅದರ ಪಿಎಚ್ 9-10ರ ಆಸುಪಾಸು. ಕ್ಷಾರದಲ್ಲಿ ಕೂದಲಿನ ಹೊರಪದರದ ಹುರುಪೆಗಳು ಎದ್ದುಕೊಂಡು ಒರಟಾಗುತ್ತವೆ. ಕೂದಲು ಬಾಗಬೇಕು ಅಂತ ಶುರು ಮಾಡಿ ಮುರಿಯೋ ಹಂತಕ್ಕೆ ತರೋದು ಯಾಕೆ?


ಮುಂಗೋಪಿ | ದಿನ 2

ನನ್ನ ಎರಡೂ ಬ್ರಷ್ ಇನ್ನೂ ಮುರಿದಿಲ್ಲ ಮೇಡಂ.


ಹಳೇರೇಜರ್ | ದಿನ 2

ಇಬ್ಬರೂ ಸಮಾಧಾನ. ನನ್ನ ಅನುಭವದಲ್ಲಿ ತುದಿ ಸೀಳೋಕೆ ನೆರವಾಗೋದು ಒದ್ದೆ ಆಗೋದು, ಪೂರ್ತಿ ಒಣಗೋದು, ಮತ್ತೆ ಒದ್ದೆ ಆಗೋದು, ಈ ಸುತ್ತು. ಇಡೀ ವಾರ ಒದ್ದೆಯಾಗೇ ಇದ್ದ ಬ್ರಷ್ ಮೆತ್ತಗೆ ಕಾಣುತ್ತೆ, ಒಣಗಿಸಿದರೆ ಮತ್ತೆ ಅದೇ ಹಂದಿ. ದಿನಕ್ಕೆ ಒಂದು ಸಲ ಬಳಸಿ ಪೂರಾ ಒಂದು ದಿನ ಒಣಗಲು ಬಿಡಿ ಅನ್ನೋದು ಇದಕ್ಕೇ. ದಿನಕ್ಕೆರಡು ಸಲ ಶೇವ್ ಮಾಡೋರು ಎರಡು ಬ್ರಷ್ ಇಟ್ಟುಕೊಂಡು ಸರದಿಯಲ್ಲಿ ಬಳಸ್ತಾರೆ.


ಪ್ರಾಣಿಬೇಡ | ದಿನ 3

ಇಷ್ಟೆಲ್ಲ ಸರ್ಕಸ್ ಯಾಕೆ ಅಂತ ಕೇಳೋಕೆ ಬಂದೆ. ಸಿಂಥೆಟಿಕ್ ತಗೊಳ್ಳಿ. ನೆನೆಸೋದಿಲ್ಲ, ಪಳಗಿಸೋದಿಲ್ಲ, ವಾಸನೆ ಇಲ್ಲ, ಒಂದೆರಡು ಗಂಟೆಯಲ್ಲಿ ಒಣಗುತ್ತೆ, ಯಾವ ಪ್ರಾಣಿಯ ಮೈಯಿಂದಲೂ ಬಂದದ್ದಲ್ಲ. ಹಲ್ಲುಜ್ಜೋ ಬ್ರಷ್ ಕೂಡ ಒಂದು ಕಾಲದಲ್ಲಿ ಹಂದಿಗೂದಲಿನದೇ ಆಗಿತ್ತು. 1938ರಲ್ಲಿ ನೈಲಾನ್ ಎಳೆಯ ಟೂತ್‌ಬ್ರಷ್ ಬಂತು, ಈಗ ಹಂದಿಗೂದಲಿನಿಂದ ಹಲ್ಲುಜ್ಜಿ ಅಂದರೆ ಯಾರು ಉಜ್ಜುತ್ತಾರೆ? ಗಡ್ಡದ ವಿಷಯದಲ್ಲಿ ಮಾತ್ರ ನಾವು ಅಲ್ಲೇ ನಿಂತಿದ್ದೀವಿ.

ಪ್ರಾಮಾಣಿಕವಾಗಿ ಒಂದು ಎಚ್ಚರಿಕೆಯನ್ನೂ ಹೇಳ್ತೀನಿ. ಹಳೇ ಕಾಲದ ದಪ್ಪ ನೈಲಾನ್ ಬ್ರಷ್‌ಗಳು ನಿಜಕ್ಕೂ ಕೆಟ್ಟವು. ಈಗಿನವು ಪಿಬಿಟಿ ಅನ್ನೋ ಪ್ಲಾಸ್ಟಿಕ್ ಥರದ ಎಳೆಯವು, ತುದಿ ಸಣ್ಣಗೆ ಮಾಡಿರ್ತಾರೆ. ಆದರೂ ನಿಮಗೆ ಸಿಕ್ಕ ಸಿಂಥೆಟಿಕ್ ಮೊದಲ ದಿನ ಚುಚ್ಚಿದರೆ ನೂರನೇ ದಿನವೂ ಚುಚ್ಚುತ್ತೆ. ಪ್ಲಾಸ್ಟಿಕ್ ನೀರು ಕುಡಿಯಲ್ಲ, ಸೀಳಿ ಕುಚ್ಚಾಗೋದೂ ಇಲ್ಲ. ಅದನ್ನ ಪಳಗಿಸೋಕೆ ಹೋಗಬೇಡಿ, ಬೇರೆ ತಗೊಳ್ಳಿ. ಬಳಸೋವಾಗ ನೀರು ಚೆನ್ನಾಗಿ ಝಾಡಿಸಿ, ಇಲ್ಲದಿದ್ದರೆ ಎಳೆಗಳ ಮಧ್ಯೆ ನಿಂತ ನೀರೆಲ್ಲ ಒಟ್ಟಿಗೆ ಇಳಿದು ನೊರೆ ನೀರುನೀರಾಗುತ್ತೆ.


ಕುದುರೆಬಾಲ | ದಿನ 3

ಹಂದಿ, ಪ್ಲಾಸ್ಟಿಕ್ ಎರಡರ ಮಧ್ಯೆ ನಮ್ಮನ್ನ ಮರೆತೇಬಿಟ್ರಿ. ಕುದುರೆಗೂದಲಿನ ಬ್ರಷ್ಷೂ ಇದೆ, ಬಾಲ ಮತ್ತು ಕೇಸರದ ಕೂದಲು ಬೆರೆಸಿ ಮಾಡಿದ್ದು. ಬಾಲದ್ದು ಬಿರುಸು, ಕೇಸರದ್ದು ಮೆತ್ತಗೆ. ಹಂದಿಗೂದಲಿಗಿಂತ ಬೇಗ ಹದಕ್ಕೆ ಬರುತ್ತೆ. ಪ್ರಾಣಿಯನ್ನ ಕೊಲ್ಲದೆಯೂ ಕೂದಲು ತೆಗೆಯಬಹುದು.


ಪ್ರಾಣಿಬೇಡ | ದಿನ 3

ಅದರಿಂದ ಏನೋ ರೋಗ ಬರುತ್ತೆ ಅಂತ ಓದಿದ ನೆನಪು.


ಲ್ಯಾಬ್‌ಕೋಟು | ದಿನ 3

ಆಂಥ್ರಾಕ್ಸ್. ಮೊದಲ ಮಹಾಯುದ್ಧದ ಹೊತ್ತಿನ ಕಥೆ ಅದು. ಬ್ಯಾಡ್ಜರ್ ಕೂದಲಿನ ಸರಬರಾಜು ಯುದ್ಧದಿಂದ ಕಡಿದುಹೋಗಿ, ಅದರ ಬದಲು ಕುದುರೆಗೂದಲಿಗೆ ಬ್ಯಾಡ್ಜರ್ ಥರ ಬಣ್ಣ ಕಟ್ಟಿ ಬ್ರಷ್ ಮಾಡಿದರು. ಸರಿಯಾಗಿ ಸೋಂಕು ಕಳೆಯದ ಕೂದಲಿನಲ್ಲಿ ರೋಗಾಣುವಿನ ಬೀಜಕಗಳು ಉಳಿದಿದ್ದವು. ಅವು ವರ್ಷಗಟ್ಟಲೆ ಒಣಗಿ ಬಿದ್ದಿದ್ದರೂ ಸಾಯಲ್ಲ. ಬ್ಲೇಡ್ ತಾಗಿದ ಸಣ್ಣ ಗಾಯದ ಮೂಲಕ ಒಳಹೋಗಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಸೈನಿಕರಿಗೂ ಸಾಮಾನ್ಯ ಜನಕ್ಕೂ ಚರ್ಮದ ಆಂಥ್ರಾಕ್ಸ್ ಬಂತು, ಸಾವುಗಳೂ ಆದವು. ಆಮೇಲೆ ಕೂದಲಿನ ಸೋಂಕು ಕಳೆಯೋ ನಿಯಮಗಳು ಬಿಗಿಯಾದವು.

ತಪ್ಪು ಕುದುರೆಯದಲ್ಲ, ಕೂದಲನ್ನ ಸಂಸ್ಕರಿಸದೇ ಬಿಟ್ಟದ್ದು. ಈಗಿನ ಹೊಸ ಬ್ರಷ್ ನೋಡಿ ಹೆದರಬೇಕಿಲ್ಲ. ಆ ಕಾಲದ ಹಳೇ ಬ್ರಷ್ ಅಟ್ಟದಲ್ಲಿ ಸಿಕ್ಕರೆ ಮಾತ್ರ ಗಾಜಿನ ಕಪಾಟಲ್ಲಿಡಿ, ಮುಖಕ್ಕೆ ಹಚ್ಚಬೇಡಿ.


ಹೊಸಗಡ್ಡ | ದಿನ 4

ಇದನ್ನೆಲ್ಲ ಓದಿ ಬ್ಯಾಡ್ಜರ್ ತಗೊಳ್ಳೋದೇ ವಾಸಿ ಅನ್ನಿಸ್ತಿದೆ. ಅದು ಚುಚ್ಚಲ್ಲ ಅಲ್ವಾ?


ಹಳೇರೇಜರ್ | ದಿನ 4

ಯಾವುದು ಅನ್ನೋದರ ಮೇಲೆ ಇದೆ ತಮ್ಮಾ. ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಅಂತ ಬರೆದಿರ್ತಾರೆ, ಹೆಸರು ಮೇಲೇರಿದಷ್ಟೂ ತುದಿ ಮೆತ್ತಗೆ ಅಂತ ಲೆಕ್ಕ. ಆದರೆ ಎಲ್ಲರೂ ಒಪ್ಪಿದ ಒಂದು ಅಳತೆ ಇಲ್ಲ, ಒಬ್ಬರ ಬೆಸ್ಟ್ ಇನ್ನೊಬ್ಬರ ಪ್ಯೂರ್. ಪ್ಯೂರ್ ಅಂದರೆ ಶುದ್ಧ ಅಂದುಕೊಂಡು ತಗೊಂಡವರು ಅದು ಕೆಳಗಿನ ದರ್ಜೆ ಅಂತ ಮುಖಕ್ಕೆ ಹಚ್ಚಿದ ಮೇಲೆ ತಿಳಿದುಕೊಳ್ತಾರೆ. ಅದೂ ಚುಚ್ಚುತ್ತೆ, ಹಂದಿಯಷ್ಟು ಬದಲಾಗೋದೂ ಇಲ್ಲ.


ಮರಗೆಲಸ | ದಿನ 5

ಕೂದಲಿನ ಬಗ್ಗೆ ಎಲ್ಲ ಹೇಳಿದ್ದಾಯ್ತು, ಹಿಡಿ ಬಗ್ಗೆ ಯಾರೂ ಹೇಳಲ್ಲ. ಮರ ಕಡೆಯೋದು ನನ್ನ ಹವ್ಯಾಸ, ಹಳೇ ಬ್ರಷ್‌ಗಳ ಗಂಟು ಕಿತ್ತು ಹೊಸದು ಕೂರಿಸ್ತೀನಿ. ನನ್ನ ಹತ್ತಿರ ಬರೋ ಹಾಳಾದ ಬ್ರಷ್‌ಗಳಲ್ಲಿ ಕೂದಲು ಕೆಟ್ಟು ಬಂದವು ಕಡಿಮೆ, ಹಿಡಿ ಸೀಳಿ ಬಂದವೇ ಜಾಸ್ತಿ. ಮರ ನೀರು ಕುಡಿದು ಉಬ್ಬುತ್ತೆ, ಒಣಗಿ ಕುಗ್ಗುತ್ತೆ. ಗಂಟು ಕೂತಿರೋ ಕುಳಿಯ ಸುತ್ತ ಗೋಡೆ ತೆಳು, ಬಿರುಕು ಬಿಡೋದು ಅಲ್ಲೇ. ಲೋಟದಲ್ಲಿ ಹಿಡಿ ಸಮೇತ ಮುಳುಗಿಸೋದನ್ನ ಇವತ್ತೇ ನಿಲ್ಲಿಸಿ. ಮೇಲಿನ ಮೆರುಗು ಸವೆದಿದ್ದರೆ ಸ್ವಲ್ಪ ಮೇಣ ಉಜ್ಜಿ.

ಬಿರುಸಿನ ಬಗ್ಗೆಯೂ ಒಂದು ಮಾತು. ಅದೇ ಕೂದಲು, ಅದೇ 24 ಮಿ.ಮೀ. ಗಂಟು. ಕುಳಿಯಲ್ಲಿ ಆಳಕ್ಕೆ ಕೂರಿಸಿ ಎತ್ತರ 48 ಮಿ.ಮೀ.ಗೆ ಇಳಿಸಿದರೆ ಕಲ್ಲು, 58ಕ್ಕೆ ಎತ್ತಿದರೆ ಜೋಲು. ಕೈಗೆ ಸಿಗೋ ಬಿಗಿ ಎತ್ತರದಿಂದ ಬರುತ್ತೆ, ಮುಖಕ್ಕೆ ಸಿಗೋ ಚುಚ್ಚು ತುದಿಯಿಂದ. ಇವೆರಡನ್ನ ಒಂದೇ ಅಂದುಕೊಂಡು ಜನ ಬ್ರಷ್ ಬೈತಾರೆ. ನಿಮ್ಮದು 55, ಹಂದಿಗೂದಲಿಗೆ ಸರಿಯಾದ ಎತ್ತರವೇ.


ಹೊಸಗಡ್ಡ | ದಿನ 5

ಒಣಗಿಸೋವಾಗ ತಲೆಕೆಳಗೆ ನೇತುಹಾಕಬೇಕಾ, ನಿಲ್ಲಿಸಿದರೆ ಸಾಕಾ?


ಮರಗೆಲಸ | ದಿನ 5

ಹಿಂಡಿ, ಝಾಡಿಸಿ, ಒಣ ಟವೆಲ್ ಮೇಲೆ ನಾಲ್ಕು ಸಲ ಆಚೆ ಈಚೆ ಸವರಿದ ಮೇಲೆ ಹೇಗಿಟ್ಟರೂ ಒಂದೇ. ಕೂದಲ ಸಂದಿಯ ನೀರು ನೇತುಹಾಕಿದ ಮಾತ್ರಕ್ಕೆ ಸುರಿದುಹೋಗಲ್ಲ, ಗಾಳಿಗೇ ಆರಬೇಕು. ಮುಚ್ಚಿದ ಕಪಾಟು, ಪ್ರಯಾಣದ ಡಬ್ಬಿ, ಇವು ಶತ್ರುಗಳು. ಬೂಷ್ಟು ಹಿಡಿಯುತ್ತೆ.


ಕನ್ನಡಿಮುಂದೆ | ದಿನ 16

ವರದಿ ಒಪ್ಪಿಸೋಕೆ ಬಂದೆ. ಶಾಂಪೂ ಹಾಕಿ ಮೂರು ಸಲ ತೊಳೆದೆ. ನೊರೆ ವಾಪಸ್ ಬಂತು, ಅದೂ ಎಂಥ ನೊರೆ! ವಾಸನೆ ಈಗ ಮೂಗು ಒಳಗೆ ತೂರಿಸಿದರೆ ಮಾತ್ರ. ದಿನಾ ನೆನೆಸ್ತಿದ್ದೀನಿ, ಶೇವ್ ಇಲ್ಲದ ದಿನ ಅಂಗೈ ವ್ಯಾಯಾಮ. ಮೊದಲಿನ ಆರನ್ನೂ ಸೇರಿಸಿ ಒಟ್ಟು 21 ಆಯ್ತು.

ಹೊಸ ತಲೆನೋವು ಎರಡು. ಮೊದಲ ವಾರ ದಿನಕ್ಕೆ ಎರಡು ಮೂರು ಕೂದಲು ಉದುರ್ತಿತ್ತು, ಈಗ ನಿಂತಂತಿದೆ. ಹೆದರಬೇಕಾ? ಎರಡನೇದು, ಒಣಗಿದಾಗ ಬ್ರಷ್ ಗಂಜಿ ಹಾಕಿದ ಬಟ್ಟೆ ಥರ ಸೆಟೆದಿರುತ್ತೆ, ಬುಡದ ಹತ್ತಿರ ಕೂದಲ ಮೇಲೆ ಬಿಳಿ ಪುಡಿ ಕೂತಿದೆ.

ಮತ್ತೆ, ಚುಚ್ಚೋದು ಅರ್ಧಕ್ಕೆ ಇಳಿದಿದೆ, ಪೂರ್ತಿ ಹೋಗಿಲ್ಲ. ವಿಚಿತ್ರ ಅಂದರೆ ಮೊದಲ ಸಲ ನೊರೆ ಹಚ್ಚುವಾಗ ಏನೂ ಇಲ್ಲ, ಎರಡನೇ ಸಲಕ್ಕೆ ಉರಿ.


ಹಳೇರೇಜರ್ | ದಿನ 16

ಕೂದಲು: ಗಂಟು ಕಟ್ಟುವಾಗ ಅಂಟು ಹಿಡಿಯದೇ ಉಳಿದ ಸಡಿಲ ಕೂದಲು ಮೊದಮೊದಲು ಉದುರುತ್ತೆ. ನಿಂತಿತು ಅಂದರೆ ಮುಗೀತು. ತಿಂಗಳಾದರೂ ಪ್ರತಿ ಶೇವ್‌ಗೂ ಉದುರುತ್ತಲೇ ಇದ್ದಿದ್ದರೆ ಅಂಟಿನ ದೋಷ, ವಾಪಸ್ ಕೊಡಬಹುದಿತ್ತು.


ಲ್ಯಾಬ್‌ಕೋಟು | ದಿನ 16

ಬಿಳಿ ಪುಡಿ ನನ್ನ ಪಾಲಿಗೆ ಬಿಡಿ. ನಿಮ್ಮ ನೀರು ಗಡಸು. ಅದರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನಲ್ಲಿರೋ, ಕೊಬ್ಬಿನಿಂದ ಬರೋ ಸ್ಟಿಯರೇಟ್ ಅನ್ನೋ ಅಂಶದ ಜೊತೆ ಸೇರಿ ನೀರಲ್ಲಿ ಕರಗದ ಜಿಡ್ಡು ಹುಟ್ಟುತ್ತೆ. ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಗೆರೆ ಕಟ್ಟೋದೂ ಅದೇ. ಕೂದಲ ಮೇಲೆ ಅದು ಒಣಗಿ ಗಂಜಿಯಾಗಿದೆ. ಎಷ್ಟು ಪಳಗಿದ ಬ್ರಷ್ಷೂ ಇದರಿಂದ ಮತ್ತೆ ಬಿರುಸಾಗುತ್ತೆ. ಬ್ರಷ್ ಹಳೇದಾಯ್ತು ಅಂತ ಎಸೆಯೋ ಎಷ್ಟೋ ಜನರ ಬ್ರಷ್ಷಿಗೆ ಆಗಿರೋದು ಇಷ್ಟೇ.

ಬಿಳಿ ವಿನೆಗರ್ ಒಂದು ಪಾಲು, ಬೆಚ್ಚಗಿನ ನೀರು ಎಂಟೊಂಬತ್ತು ಪಾಲು. ಕೂದಲು ಮಾತ್ರ ಐದು ನಿಮಿಷ ಅದ್ದಿ ಮೆಲ್ಲಗೆ ಆಡಿಸಿ, ಆಮೇಲೆ ಶಾಂಪೂ, ಆಮೇಲೆ ಧಾರಾಳ ನೀರು. ವಿನೆಗರ್ ಇಲ್ಲದಿದ್ದರೆ ಒಂದು ಲೋಟ ನೀರಿಗೆ ಅರ್ಧ ಚಮಚ ಸಿಟ್ರಿಕ್ ಆಮ್ಲ. ತಿಂಗಳಿಗೊಮ್ಮೆಗಿಂತ ಹೆಚ್ಚು ಬೇಡ. ದಿನಾ ಶೇವ್ ಆದ ಮೇಲೆ ತೊಳೆದ ನೀರು ತಿಳಿಯಾಗೋ ತನಕ ತೊಳೀರಿ, ಬುಡವನ್ನ ಬೆರಳಲ್ಲಿ ಬಿಡಿಸಿ. ಸೋಪು ಉಳಿದುಕೊಳ್ಳೋದು ಅಲ್ಲೇ.


ನೊರೆಗಾರ | ದಿನ 16

ಎರಡನೇ ಸಲಕ್ಕೆ ಉರಿ ಅಂದ್ರಲ್ಲ, ಅದು ಬ್ರಷ್ಷಿನ ತಪ್ಪು ಅಂತ ನನಗನ್ನಿಸ್ತಿಲ್ಲ. ಹೇಗೆ ಹಚ್ಚುತ್ತೀರಿ, ವಿವರವಾಗಿ ಬರೀರಿ. ನಾಚಿಕೆ ಬೇಡ.


ಕನ್ನಡಿಮುಂದೆ | ದಿನ 16

ಬಟ್ಟೆ ಒಗೆಯೋ ಥರ ಅಂತ ಹೆಂಡತಿ ಹೇಳ್ತಾಳೆ. ಒತ್ತಿ ಹಿಡಿದು ಗರಗರ ಸುತ್ತಿಸ್ತೀನಿ, ಹಿಡಿ ಕೆನ್ನೆಗೆ ಇನ್ನೇನು ತಾಗಬೇಕು ಅಷ್ಟು. ಎರಡನೇ ಸಲಕ್ಕೂ ಹಾಗೇ. ಚೆನ್ನಾಗಿ ಒತ್ತಿದರೆ ಬೇಗ ಪಳಗುತ್ತೆ ಅಂದುಕೊಂಡಿದ್ದೆ.


ನೊರೆಗಾರ | ದಿನ 16

ಸಿಕ್ಕಿತು ನೋಡಿ.

ಬ್ಲೇಡ್ ಒಂದು ಸಲ ಓಡಿದ ಚರ್ಮ ಮೇಲ್ಪದರ ಕೆರೆಸಿಕೊಂಡಿರುತ್ತೆ. ಅದರ ಮೇಲೆ ಬಿರುಗೂದಲನ್ನ ನೆಟ್ಟಗೆ ಒತ್ತಿ ತಿರುಗಿಸಿದರೆ ಮೆತ್ತನೆಯ ಬ್ರಷ್ಷೂ ಉರಿಸುತ್ತೆ. ಮೊದಲ ಸಲ ಸುತ್ತಿಸಿ, ಬೇಡ ಅನ್ನಲ್ಲ, ಗಡ್ಡದ ಕೂದಲು ಎದ್ದು ನಿಲ್ಲೋಕೆ ಅದು ಒಳ್ಳೇದು. ಆದರೆ ತುದಿ ಮಾತ್ರ ಹರಡಬೇಕು, ಕೂದಲು ಅರ್ಧಕ್ಕಿಂತ ಹೆಚ್ಚು ಬಾಗಬಾರದು. ಎರಡನೇ ಸಲಕ್ಕೆ ಗೋಡೆಗೆ ಬಣ್ಣ ಬಳಿಯೋ ಹಾಗೆ, ಬ್ರಷ್ ಓರೆ ಮಾಡಿ, ಮೇಲೆ ಕೆಳಗೆ. ನೊರೆ ಈಗಾಗಲೇ ಬ್ರಷ್ಷಲ್ಲಿ ತಯಾರಿದೆ, ಅದನ್ನ ಮುಖದ ಮೇಲೆ ಇಟ್ಟುಬರೋದಷ್ಟೇ ಕೆಲಸ.

ಒತ್ತಿ ತಿರುಗಿಸೋರ ಬ್ರಷ್ ಒಂದೆರಡು ವರ್ಷದಲ್ಲಿ ಮಧ್ಯೆ ಬೋಳಾಗುತ್ತೆ. ಸುತ್ತ ಕೂದಲು, ನಡುವೆ ಕುಳಿ. ನಡುವಿನ ಕೂದಲು ಬುಡದಲ್ಲೇ ತಿರುಚಿ ಮುರಿದಿರುತ್ತೆ.


ಕಟ್ಟಿಮ್ಯಾಲ | ದಿನ 17

ನಮ್ಮಪ್ಪಗ ತಲಿ ಮ್ಯಾಲೂ ಹಂಗ ಆಗಿತ್ತು. ಅದಕ್ಕ ಏನ್ ಕಾರಣರೀ?


ಮುಂಗೋಪಿ | ದಿನ 17

ಲ್ಯಾಬ್‌ಕೋಟು ಮೇಡಂ, ನಿಮ್ಮ ವಿನೆಗರ್ ಉಪಾಯವನ್ನ ನನ್ನ ಎರಡು ಬ್ರಷ್‌ಗೂ ಮಾಡಿದೆ. ಲೋಟದ ನೀರು ಮಜ್ಜಿಗೆಯಾಯ್ತು. ರಾತ್ರಿಯಿಡೀ ನೊರೆ ಬಿಡೋ ನನ್ನ ಪದ್ಧತಿಯಿಂದಲೇ ಅಷ್ಟು ಜಿಡ್ಡು ಕೂತಿತ್ತೋ ಏನೋ. ಒಪ್ಪಿಕೊಂಡೆ ಅಂತ ಅಲ್ಲ, ಸುಮ್ಮನೆ ತಿಳಿಸಿದೆ.


ಲ್ಯಾಬ್‌ಕೋಟು | ದಿನ 17

ತಿಳಿಸಿದ್ದಕ್ಕೆ ಸಂತೋಷ.


ಕನ್ನಡಿಮುಂದೆ | ದಿನ 38

ಇವತ್ತಿಗೆ 43. ಮಗಳ ಭೂತಕನ್ನಡಿ ತಗೊಂಡು ಕಿಟಕಿ ಬೆಳಕಲ್ಲಿ ಬ್ರಷ್ ನೋಡಿದೆ. ಹಳೇರೇಜರ್ ಸರ್, ನೀವು ಹೇಳಿದ ಕವಲು ಕಾಣ್ತಿದೆ! ಪ್ರತಿ ಕೂದಲೂ ತುದಿಯಲ್ಲಿ ಎರಡು, ಕೆಲವು ಮೂರು. ತುದಿಯ ಬಣ್ಣವೇ ತಿಳಿಯಾಗಿ ಮಂಜು ಕವಿದ ಹಾಗಿದೆ. ಬುಡ ಮಾತ್ರ ಮೊದಲ ದಿನದಷ್ಟೇ ಬಿಗಿ. ಮೊದಲು ಅದನ್ನೇ ದೋಷ ಅಂದುಕೊಂಡಿದ್ದೆ, ಈಗ ಸೋಪಿನ ಮೇಲೆ ಒತ್ತಿದಾಗ ಆ ಬಿಗಿ ಕೈಗೆ ಹಿತವಾಗಿದೆ.

ಎರಡನೇ ಸಲಕ್ಕೆ ಬಣ್ಣ ಬಳಿಯೋ ಕೈ. ಉರಿ ಅದೇ ದಿನ ನಿಂತಿತ್ತು. ಅಂದರೆ ಆ ಮೂರು ವಾರ ಬೈಸಿಕೊಂಡ ಹಂದಿಯದು ಅರ್ಧ ತಪ್ಪು, ಮಿಕ್ಕಿದ್ದು ನನ್ನದೇ. ಹಿಡಿಗೆ ಮೇಣ ಉಜ್ಜಿದ್ದೀನಿ. ವಿನೆಗರ್ ಒಂದು ಸಲ ಆಗಿದೆ, ಇನ್ನೊಂದು ಮುಂದಿನ ತಿಂಗಳು.


ಕಟ್ಟಿಮ್ಯಾಲ | ದಿನ 38

ಭೇಷ್. ಆ ಕತ್ತರಿ ಏನಾತು?


ಕನ್ನಡಿಮುಂದೆ | ದಿನ 38

ಬ್ರಷ್ ನೆನೆಯೋ ಹತ್ತು ನಿಮಿಷ ಸುಮ್ಮನೆ ಕೂರೋಕಾಗಲ್ಲ ಅಂತ ಮೀಸೆ ಬಿಟ್ಟಿದ್ದೀನಿ. ಅದನ್ನ ತೀಡೋಕೆ ಬೇಕಾಯ್ತು.